ವೆಬ್‌ಅಸೆಂಬ್ಲಿ ನಿಜವಾಗಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಕೋಡುಬಳೆ: ನಮ್ಮ ಹತ್ತಿರ ಸಿ++ನಲ್ಲಿ ಬರೆದ ಹಳೆಯ ಇಮೇಜ್ ಲೈಬ್ರರಿ ಇದೆ, ಈಗ ಸರ್ವರ್‌ನಲ್ಲಿ ಓಡುತ್ತಿದೆ. ಅದನ್ನೇ ವೆಬ್‌ಅಸೆಂಬ್ಲಿಗೆ (ಸಿ++ನಂಥ ಭಾಷೆಯ ಕೋಡನ್ನು ಬ್ರೌಸರ್ ಓಡಿಸಬಲ್ಲ ಬೈನರಿ ರೂಪ) ಕಂಪೈಲ್ ಮಾಡಿ ಬ್ರೌಸರ್‌ನಲ್ಲಿ ಓಡಿಸಿದರೆ ಲಾಭ ಇದೆಯಾ, ಇಲ್ಲ ಸುಮ್ನೆ ಹೈಪಾ?

ರಾತ್ರಿಪಾಳಿ: ಹೈಪ್ ಅಲ್ಲ. 2017ರಲ್ಲೇ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಬಂತು. ಡಿಸೈನ್ ಆ್ಯಪ್ ಫಿಗ್ಮಾದ ಎಂಜಿನ್ ಸಿ++, ವೆಬ್‌ಅಸೆಂಬ್ಲಿಗೆ ಬದಲಾದ ಮೇಲೆ ಲೋಡ್ ಆಗುವ ಸಮಯ ಮೂರನೇ ಒಂದು ಭಾಗಕ್ಕೆ ಇಳಿಯಿತು ಅಂತ ಅವರೇ ಬರೆದಿದ್ದಾರೆ. ಆಟೋಕ್ಯಾಡ್‌ನವರೂ ಹಳೆಯ ಕೋಡನ್ನು ಹೀಗೇ ವೆಬ್‌ಗೆ ತಂದರು. ಹೊಸದಾಗಿ ಬರೆಯುವ ಪಾಡು ತಪ್ಪುತ್ತದೆ, ನನ್ನ ಪ್ರಕಾರ ವೇಗಕ್ಕಿಂತ ಅದೇ ದೊಡ್ಡ ಲಾಭ. ಸಿ++ ಕೋಡನ್ನು ಹೀಗೆ ಕಂಪೈಲ್ ಮಾಡುವ ಟೂಲ್ ಎಂಸ್ಕ್ರಿಪ್ಟನ್‌ನಿಂದ ಶುರು ಮಾಡಿ.

ಬಫರ್‌ಭಟ್ಟ: ಬರೀ ಫೋಟೊ ಚಿಕ್ಕದು ಮಾಡೋದಾದರೆ ಇದು ಬೇಡವೇ ಬೇಡ, ಬ್ರೌಸರ್‌ನಲ್ಲೇ ಇರುವ ಚಿತ್ರ ಬಿಡಿಸುವ ಸೌಲಭ್ಯ ಕ್ಯಾನ್ವಾಸ್ ಸಾಕು. ಬ್ರೌಸರ್‌ಗೆ ಗೊತ್ತಿಲ್ಲದ ಫಾರ್ಮ್ಯಾಟ್ ಬಿಚ್ಚಬೇಕು, ಭಾರಿ ಫಿಲ್ಟರ್ ಹಾಕಬೇಕು ಅಂದರೆ ಮಾತು ಬೇರೆ. ಒಂದು ಎಚ್ಚರ: ಪ್ರತಿ ಪಿಕ್ಸೆಲ್‌ಗೂ ಜಾವಾಸ್ಕ್ರಿಪ್ಟ್‌ನಿಂದ ಒಂದೊಂದು ಕಾಲ್ ಮಾಡಿದರೆ ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ, ಇಡೀ ಬಫರ್ (ಚಿತ್ರದ ಪೂರ್ತಿ ಡೇಟಾ) ಒಂದೇ ಸಲ ಕೊಡಿ. 4000×3000 ಫೋಟೊ ಬಿಚ್ಚಿದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ಆಗುತ್ತದೆ, ಕಾಪಿ ಮಾಡಿದರೆ ಅದರ ಎರಡರಷ್ಟು. ಕಡಿಮೆ ರ‍್ಯಾಮ್‌ನ ಫೋನ್‌ನಲ್ಲಿ ಟ್ಯಾಬ್ ಸಾಯುತ್ತದೆ.

ಕೋಡುಬಳೆ: ನಮ್ಮದು ಕ್ಯಾಮೆರಾದ ರಾ ಫೈಲ್ (ಸೆನ್ಸರ್‌ನ ಸಂಸ್ಕರಿಸದ ಡೇಟಾ). ಪೇಜ್ ಫ್ರೀಜ್ ಆಗಲ್ವಾ?

ಬಫರ್‌ಭಟ್ಟ: ವೆಬ್ ವರ್ಕರ್ (ಪೇಜ್‌ನ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಸ್ಕ್ರಿಪ್ಟ್) ಒಳಗೆ ಓಡಿಸಿ, ಆಗಲ್ಲ. ರಾ ಫೈಲ್ ಆದರೆ ಖಂಡಿತ ಮಾಡಿ. ಫೋಟೊ ಬಳಕೆದಾರರ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ, ಅಪ್‌ಲೋಡ್ ಕಾಯೋದೂ ತಪ್ಪುತ್ತದೆ. ಹಲವು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸಗಳು) ಬೇಕಾದರೆ ಮಾತ್ರ ಸರ್ವರ್‌ನಿಂದ ಪೇಜನ್ನು ಬೇರೆ ಸೈಟ್‌ಗಳಿಂದ ಪ್ರತ್ಯೇಕವಾಗಿಡುವ ಒಂದೆರಡು ಐಸೊಲೇಶನ್ ಹೆಡರ್ ಕಳಿಸಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.