ರ‍್ಯಾಕ್‌ಗೆ ಪ್ರೀಆಂಪ್ ಹಾಕುತ್ತಿದ್ದೇನೆ, ಅರ್ತ್ ಪಿನ್ ತೆಗೆಯಬಹುದಾ?

ತಂಬೂರಿ ಚಿಂತಾಮಣಿ:
ಎಲ್ಲರಿಗೂ ನಮಸ್ಕಾರ. ಕೈವಾರ ತಾತಯ್ಯನವರ ತತ್ವಪದ ಹಾಡುವ ನಮ್ಮ ಕಡೆಯ ಹಿರಿಯರ ದನಿಯನ್ನು ಮನೆ ಮೇಲಿನ ರೂಮಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಅಣ್ಣ ಅಮೆರಿಕದಿಂದ 1ಯು (ರ‍್ಯಾಕ್‌ನಲ್ಲಿ ಒಂದು ಅಂತಸ್ತಿನ ಎತ್ತರದ) ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಡಬ್ಬ, ತಂದುಕೊಟ್ಟಿದ್ದಾನೆ. ರ‍್ಯಾಕ್‌ನಲ್ಲಿ ಕೆಳಗೆ ಸ್ಪೀಕರ್ ನಡೆಸುವ ಪವರ್ ಆಂಪ್ ಇದೆ, ಮೇಲೆಲ್ಲ ಖಾಲಿ. ಈಗಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ವೈರಿಂಗ್‌ನವರು "ಪ್ಲಗ್ಗಿನ ದಪ್ಪ ಪಿನ್ ಕಿತ್ತುಬಿಡಿ, ಸದ್ದು ಹೋಗುತ್ತೆ" ಅಂತಾರೆ. ಹಾಗೆ ಮಾಡಬಹುದಾ? ಪ್ರೀಆಂಪ್ ಹಿಂದೆ 115, 230 ಅಂತ ಸ್ವಿಚ್ಚೂ ಇದೆ.

ಶಿಡ್ಲಘಟ್ಟದ ಸೌಂಡಿನವನು:
ತಮ್ಮಾ, ಆ ಪಿನ್ ಮುಟ್ಟಲೇಬೇಡ. ಸದ್ದು ಹೋಗಬಹುದು. ಆದರೆ ಒಳಗೆ ಯಾವತ್ತಾದರೂ ಫೇಸ್ ವೈರು ಬಾಡಿಗೆ ತಗುಲಿದರೆ? ಅರ್ತ್ ಇದ್ದರೆ ಫ್ಯೂಸ್ ಹೋಗುತ್ತೆ, ಅಷ್ಟೇ. ಇಲ್ಲದಿದ್ದರೆ ಇಡೀ ಡಬ್ಬಕ್ಕೆ ಕರೆಂಟ್ ಬರುತ್ತೆ, ಯಾರಿಗೂ ಗೊತ್ತಾಗಲ್ಲ. ಮೈಕ್ ಕೇಬಲ್‌ನ 1ನೇ ಪಿನ್ನಿನಲ್ಲಿ ಶೀಲ್ಡ್, ಅಂದರೆ ಒಳಗಿನ ವೈರುಗಳನ್ನು ಸುತ್ತಿರುವ ಲೋಹದ ಹೊದಿಕೆ, ಇರುತ್ತೆ ನೋಡು. ಅದರ ಒಂದು ತುದಿ ಪ್ರೀಆಂಪ್ ಬಾಡಿಗೆ, ಇನ್ನೊಂದು ಮೈಕಿನ ಲೋಹಕ್ಕೆ. ಬರಿಗಾಲಲ್ಲಿ ನೆಲದ ಮೇಲೆ ಕೂತು ಹಾಡುವ ಅಜ್ಜನ ಕೈಗೇ ಹೊಡೆಯುತ್ತೆ. ಅವರ ಪದ ಉಳಿಸಲು ಹೊರಟಿದ್ದೀಯ, ಮೊದಲು ಅವರು ಚೆನ್ನಾಗಿರಬೇಕು ಅಲ್ವಾ?

ಪ್ಲಗ್ ಹಾಕುವ ಮುಂಚೆ ಸ್ವಿಚ್ಚನ್ನು 230ಕ್ಕೆ ತಳ್ಳು. 115ರಲ್ಲೇ ಬಿಟ್ಟು ನಮ್ಮ ಕರೆಂಟ್ ಕೊಟ್ಟರೆ ಸುಟ್ಟುಹೋಗುತ್ತೆ. ಫ್ಯೂಸೂ ಬದಲಾಗಬೇಕು, 230ಕ್ಕೆ ಸಾಮಾನ್ಯವಾಗಿ 115ರ ಫ್ಯೂಸಿನ ಅರ್ಧದಷ್ಟು ಆಂಪಿಯರ್ ಸಾಕು. ಎಷ್ಟು ಅನ್ನೋದನ್ನು ಹಿಂಬದಿಯಲ್ಲೇ ಬರೆದಿರುತ್ತಾರೆ, ಅದನ್ನೇ ನಂಬು.

ಪವರ್ ಆಂಪ್ ಕೆಳಗಿರುವುದು ಒಳ್ಳೆಯದೇ, ತೂಕದ್ದು ಅಲ್ಲೇ ಇರಬೇಕು. ಅದರ ನೆತ್ತಿಗೇ ಪ್ರೀಆಂಪ್ ಕೂರಿಸಬೇಡ. ಜಾಗ ಇದೆಯಲ್ಲ, ಆದಷ್ಟು ಮೇಲೆ ಹಾಕು. ಬಿಸಿ ತಟ್ಟಲ್ಲ, ಆಂಪಿನ ಟ್ರಾನ್ಸ್‌ಫಾರ್ಮರ್ ಸದ್ದೂ ಹಿಡಿಯಲ್ಲ. ನಾಲ್ಕೂ ಸ್ಕ್ರೂ ಕೈಯಲ್ಲೇ ಹಿಡಿಸಿ ಆಮೇಲೆ ಬಿಗಿ ಮಾಡು.

ಗೌರಿಬಿದನೂರು ಮೇಷ್ಟ್ರು:
ಗುಂಯ್ ಅನ್ನುವುದು 50 ಹರ್ಟ್ಸ್ ಕರೆಂಟಿನ ಸದ್ದು. ಎಲ್ಲ ಪ್ಲಗ್ಗನ್ನೂ, ಲ್ಯಾಪ್‌ಟಾಪ್ ಚಾರ್ಜರನ್ನೂ ಸೇರಿಸಿ, ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಗಲೂ ಇದ್ದರೆ, ಪ್ರೀಆಂಪ್‌ನಿಂದ ಹೊರಗೆ ಹೋಗುವ ಬ್ಯಾಲೆನ್ಸ್ಡ್ (ಸಿಗ್ನಲ್ಲಿಗೆ ಎರಡು ವೈರು, ಮೇಲೆ ಶೀಲ್ಡ್ ಇರುವ) ಕೇಬಲ್‌ನ ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಬಿಚ್ಚಬಹುದು. ಮೈಕ್ ಕೇಬಲ್‌ನಲ್ಲಿ ಹೀಗೆ ಮಾಡಬೇಡಿ, ಪ್ರೀಆಂಪ್ ಮೈಕಿಗೆ ಕೇಬಲಿನಲ್ಲೇ ಕೊಡುವ 48 ವೋಲ್ಟ್ ಫ್ಯಾಂಟಮ್ ಕರೆಂಟ್ ವಾಪಸ್ ಬರುವುದೇ ಆ ಶೀಲ್ಡಿನಲ್ಲಿ. ಅದಕ್ಕೂ ಮೊದಲು ಸಾಕೆಟ್‌ನಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಎರಡು ಮೂರು ವೋಲ್ಟ್ ಪರವಾಗಿಲ್ಲ.

ತಂಬೂರಿ ಚಿಂತಾಮಣಿ:
ಮೇಷ್ಟ್ರೇ, ಬೇರೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದೆ. 30ರ ಮೇಲೆ ತೋರಿಸುತ್ತಿದೆ!

ಶಿಡ್ಲಘಟ್ಟದ ಸೌಂಡಿನವನು:
ಹಾಗಾದರೆ ಪಿನ್ ಇದ್ದರೂ ಅರ್ತ್ ಸರಿಯಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗುವುದು ಜಾಸ್ತಿ. ನೀರು ಹಾಕಿಸಿ, ಗುಂಡಿಯಿಂದ ಬೋರ್ಡಿನವರೆಗೆ ವೈರು ಎಲ್ಲಾದರೂ ಸಡಿಲ ಆಗಿದೆಯಾ ಅಂತ ನೋಡಿಸು. ಮತ್ತೆ ಅಳೆದು ಸರಿ ಬರುವವರೆಗೆ ರೆಕಾರ್ಡಿಂಗ್ ಬೇಡ, ಅಜ್ಜಂದಿರಿಗೆ ಮುಂದಿನ ವಾರ ಬನ್ನಿ ಅಂತ ಹೇಳು. ಆಮೇಲೆ ಆನ್ ಮಾಡುವಾಗ ಪ್ರೀಆಂಪ್ ಮೊದಲು, ಪವರ್ ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು. ಮೈಕ್ ಸಿಕ್ಕಿಸಿ, ಗೇನ್ (ಮೈಕಿನ ದನಿ ಏರಿಸುವ ತಿರುಗಣೆ) ಪೂರ್ತಿ ಇಳಿಸಿದ ಮೇಲೆಯೇ 48 ವೋಲ್ಟ್ ಬಟನ್ ಒತ್ತು.