ಕಲ್ಲುಸಕ್ಕರೆ ದಾರಕ್ಕೆ ಕಟ್ಟುತ್ತಿಲ್ಲ, ಯಾಕೆ?

ವಿಜ್ಞಾನ ಟೀಚರ್, ಹಾಸನ
ಏಳನೇ ಕ್ಲಾಸಿನ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಕಲ್ಲುಸಕ್ಕರೆ ಬೆಳೆಸುತ್ತಿದ್ದಾರೆ. ಒಂದು ಬಾಟಲಿಯಲ್ಲಿ ಒಂದು ಕಪ್ ನೀರಿಗೆ ಎರಡು ಕಪ್ ಸಕ್ಕರೆ: ದಾರಕ್ಕೆ ಅಂಟಿಸಿದ್ದ ಸಕ್ಕರೆಯೂ ಕರಗಿಹೋಯಿತು. ಇನ್ನೊಂದರಲ್ಲಿ ಮೂರು ಕಪ್, ಜೊತೆಗೆ ಸ್ವಲ್ಪ ನಿಂಬೆರಸ: ದಾರ ಬೋಳು, ತಳದಲ್ಲಿ ಮಾತ್ರ ಗಟ್ಟಿ ಹೆಂಟೆ. ಏನು ಬದಲಿಸಬೇಕು?

ಹೇಮಾವತಿ ದಂಡೆ
ಮೇಡಂ, ಮೊದಲ ಬಾಟಲಿಯಲ್ಲಿ 240 ಮಿ.ಲೀ. ನೀರಿಗೆ 400 ಗ್ರಾಂ ಸಕ್ಕರೆ ಆಯಿತು. 20 ಡಿಗ್ರಿ ಶಾಖದಲ್ಲೇ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಅಂದರೆ ಇನ್ನೂ 80 ಗ್ರಾಂ ಹಿಡಿಸುವಷ್ಟು ಜಾಗವಿತ್ತು, ದಾರದ್ದೂ ಕರಗಿತು.

ಮೂರು ಕಪ್ಪೇ ಸರಿ. ತಣಿದ ಮೇಲೆ 100 ಗ್ರಾಂಗಿಂತ ಹೆಚ್ಚು ಹೊರಗೆ ಬರಲೇಬೇಕು. ದಾರಕ್ಕೆ ಬರುತ್ತದೋ ತಳಕ್ಕೋ ಅನ್ನುವುದು ಬೀಜದ ಹರಳು (ಹೊಸ ಹರಳು ಅಂಟಿಕೊಂಡು ಬೆಳೆಯುವ ಸಣ್ಣ ಕಾಳು) ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಪಾತ್ರೆಯ ಅಂಚಿಗೆ ಅಂಟಿದ ಒಂದೊಂದು ಕಾಳೂ ಬೀಜವೇ. ಪಾಕ ಕುದಿಯುವಾಗ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಸೌಟು ಆಡಿಸಬೇಡಿ, ಬಾಟಲಿಗೆ ಹುಯ್ಯುವಾಗ ಪಾತ್ರೆ ಕೆರೆಯಬೇಡಿ.

ನೈಲಾನ್ ದಾರ ನುಣುಪು, ಹತ್ತಿಯದೇ ಬೇಕು. ಪಾಕದಲ್ಲಿ ಅದ್ದಿ, ಸಕ್ಕರೆಯಲ್ಲಿ ಹೊರಳಿಸಿ, ರಾತ್ರಿಯಿಡೀ ಒಣಗಿಸಿ. ಹಸಿಯಾಗಿದ್ದರೆ ಕಾಳು ಉದುರಿ ತಳ ಸೇರುತ್ತದೆ, ಅಲ್ಲೇ ಹೆಂಟೆ ಕಟ್ಟುತ್ತದೆ. ಪಾಕ ಉಗುರುಬೆಚ್ಚಗಾದ ಮೇಲಷ್ಟೇ ದಾರ ಇಳಿಬಿಡಿ, ತಳದಿಂದ 2–3 ಸೆಂ.ಮೀ. ಮೇಲಿರಲಿ.

ಗಿರಿಯ ಮಗ್ಗುಲು, ಚಿಕ್ಕಮಗಳೂರು
ನಿಂಬೆರಸ ಬೇಡವೇ ಬೇಡ. ಹುಳಿ ಇದ್ದು ಕುದಿಸಿದರೆ ಸುಕ್ರೋಸ್ (ನಾವು ಬಳಸುವ ಸಕ್ಕರೆ) ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಹರಳಿನ ಜೋಡಣೆಗೆ ಹೊಂದುವುದಿಲ್ಲ, ಬೆಳವಣಿಗೆಯನ್ನೇ ತಡೆಯುತ್ತವೆ. ಜಾಮೂನು ಪಾಕಕ್ಕೆ ನಿಂಬೆ ಹಿಂಡುವುದು ಅದಕ್ಕೇ, ಅಲ್ಲಿ ಹರಳು ಕಟ್ಟಬಾರದು. ಬೆಲ್ಲದಲ್ಲೂ ಈ ಒಡೆದ ಸಕ್ಕರೆ ಇರುತ್ತದೆ, ಒಳ್ಳೆಯ ಹರಳು ಬರಲ್ಲ.

ಥರ್ಮಾಮೀಟರ್ ಇಟ್ಟು ಪಾಕ ಅಳೆಯುವವರಿಗೆ ಒಂದು ಮಾತು: ನಮ್ಮೂರು 1,000 ಮೀಟರಿಗಿಂತ ಎತ್ತರ, ಹಾಸನವೂ ಹೆಚ್ಚುಕಡಿಮೆ ಅಷ್ಟೇ. ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪುಸ್ತಕದ ಅಂಕಿಯಿಂದ 3 ಡಿಗ್ರಿ ಕಳೆಯದಿದ್ದರೆ ಪಾಕ ಗಟ್ಟಿಯಾಗಿ ಇಡೀ ಬಾಟಲಿ ಹೆಪ್ಪುಗಟ್ಟುತ್ತದೆ.

ವಿಜ್ಞಾನ ಟೀಚರ್, ಹಾಸನ
ಬೇಗ ಆಗಲಿ ಅಂತ ಫ್ರಿಜ್‌ನಲ್ಲಿ ಇಡಬಹುದಾ ಸರ್?

ಹೇಮಾವತಿ ದಂಡೆ
ಬೇಡ. ಥಟ್ಟನೆ ತಣಿದರೆ ಒಂದೇ ಸಲಕ್ಕೆ ಸಾವಿರಾರು ಸಣ್ಣ ಹರಳು ಹುಟ್ಟಿ ಮಸುಕಾಗುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಪಾಕವನ್ನು ತಿರುವಿ ತಿರುವಿ ಬೇಕೆಂದೇ ಸಣ್ಣ ಹರಳು ಬರಿಸುತ್ತೇವಲ್ಲ, ಇಲ್ಲಿ ಅದರ ಉಲ್ಟಾ. ತೆಳು ಬಟ್ಟೆ ಮುಚ್ಚಿ ಅಲುಗಾಡದ ಕಡೆ ಇಡಿ, ವಾರದಿಂದ ಹತ್ತು ದಿನ ಬೇಕು. ಮಳೆಗಾಲದಲ್ಲಿ ನೀರು ಆರುವುದು ನಿಧಾನ, ಇನ್ನೂ ತಡ. ಮೇಲೆ ಕೆನೆಯಂತೆ ಪದರ ಕಟ್ಟಿದರೆ ಚಮಚದಿಂದ ತೆಗೆದುಬಿಡಿ. ಇರುವೆಗೆ ಬಾಟಲಿಯನ್ನು ನೀರಿನ ತಟ್ಟೆಯಲ್ಲಿಡಿ. ನಿಂಬೆ ಹಾಕಿದ ಪಾಕವನ್ನು ಮತ್ತೆ ಕಾಯಿಸಿ ಇದಕ್ಕೆ ಬಳಸಬೇಡಿ, ಮಕ್ಕಳಿಗೆ ಪಾನಕ ಮಾಡಿಕೊಡಿ.