ಆಟ ನಿಲ್ಲಿಸಿದ ತಕ್ಷಣ ನಾಯಿಮರಿ ಕಚ್ಚಲು ಬರುತ್ತದೆ, ಏನು ಮಾಡಲಿ?

ಚೆಂಡು_ಎಲ್ಲಿ: ಎಲ್ಲ ಮಾಡಿ ನೋಡಿದೆ, ಸಾಕಾಗಿದೆ. ಆಟ ಮುಗಿಸಿ ಒಳಗೆ ಬಂದರೆ ಇವನು ಸುಮ್ಮನಾಗುವುದೇ ಇಲ್ಲ. ಸೋಫಾ ಹತ್ತುತ್ತಾನೆ, ಇಳಿಯುತ್ತಾನೆ, ಗಿರಗಿರ ಸುತ್ತುತ್ತಾನೆ, ಪ್ಯಾಂಟ್ ಹಿಡಿದು ಎಳೆಯುತ್ತಾನೆ. "ಬೇಡ" ಅಂದರೆ ಇನ್ನೂ ಜೋರು. ನಿನ್ನೆ ಮಗಳ ಕೈಗೆ ಹಲ್ಲು ತಾಗಿ ಅವಳು ಅತ್ತುಬಿಟ್ಟಳು.

ಬೆಳಗಿನ_ವಾಕ್: ದಣಿದಿಲ್ಲ, ಅಷ್ಟೇ. ಇನ್ನೂ ಅರ್ಧ ಗಂಟೆ ಓಡಿಸಿ.

ಚೆಂಡು_ಎಲ್ಲಿ: ಎರಡು ವಾರ ಅದನ್ನೇ ಮಾಡಿದೆ. ಜಾಸ್ತಿಯೇ ಆಯಿತು.

ಬೆಳಗಿನ_ವಾಕ್: ಹಾಗಾದರೆ ಓಡುವ ರೀತಿ ಸರಿಯಿಲ್ಲ. ನಾನು ಪಿವಿಸಿ ಪೈಪಿನೊಳಗೆ ಹಗ್ಗ ತೂರಿಸಿ, ತುದಿಗೆ ಹಳೇ ಟವೆಲ್ ಕಟ್ಟಿ ಫ್ಲರ್ಟ್ ಪೋಲ್ ಮಾಡಿಕೊಂಡಿದ್ದೇನೆ, ಟವೆಲ್ ಆಡಿಸಿದರೆ ನಾಯಿ ಅಟ್ಟಿಸಿಕೊಂಡು ಓಡುತ್ತದೆ. ಈಗ ಮೂರನೆಯದು, ಇದಕ್ಕೆ ಹಿಡಿಕೆಗೆ ಸೈಕಲ್ ಗ್ರಿಪ್ ಹಾಕಿದ್ದೇನೆ, ಕೈ ಜಾರುವುದಿಲ್ಲ. ಹತ್ತು ನಿಮಿಷ ಸಾಕು.

ಮೂರು_ಬಾಲ: ಮೊದಲು ವಯಸ್ಸು ಹೇಳಿ. ಯಾವ ಆಟ, ಎಷ್ಟು ಹೊತ್ತು, ಹೇಗೆ ನಿಲ್ಲಿಸುತ್ತೀರಿ? ಹಗಲು ನಿದ್ದೆ ಎಷ್ಟು?

ಚೆಂಡು_ಎಲ್ಲಿ: ಹೇಳಿದ್ದೆ ಅಂದುಕೊಂಡಿದ್ದೆ. ಐದು ತಿಂಗಳು, ಲ್ಯಾಬ್ರಡಾರ್ ಮಿಶ್ರತಳಿ. ಚೆಂಡು ಎಸೆಯುವುದೇ ಆಟ, ಈಗ ಒಂದು ಗಂಟೆ. ಆಮೇಲೆ ಚೆಂಡು ಕಿತ್ತುಕೊಂಡು ಒಳಗೆ ಕರೆತರುತ್ತೇನೆ. ಹಗಲು ನಿದ್ದೆ ಕಮ್ಮಿ, ಮಕ್ಕಳು ಬಿಡುವುದಿಲ್ಲ.

ಮೂರು_ಬಾಲ: ಅಲ್ಲೇ ಇದೆ ನೋಡಿ. ಈ ವಯಸ್ಸಿಗೆ ಹಗಲೂ ಸಾಕಷ್ಟು ನಿದ್ದೆ ಬೇಕು. ನಿದ್ದೆಗೆಟ್ಟ ಮರಿ ಮಂಕಾಗುವುದಿಲ್ಲ, ಕಚ್ಚುತ್ತದೆ, ಥೇಟ್ ನಿದ್ದೆ ಬಂದ ಮಗು ರಚ್ಚೆ ಹಿಡಿದ ಹಾಗೆ. ಹಲ್ಲು ಬದಲಾಗುವ ಸಮಯ ಬೇರೆ. ಬೆಳೆಯುವ ಕೀಲುಗಳಿಗೆ ಅಷ್ಟೊಂದು ಓಟ, ಗಕ್ಕನೆ ತಿರುಗುವುದು ಒಳ್ಳೆಯದೂ ಅಲ್ಲ. ಚೆಂಡಾಟ ಐದು ನಿಮಿಷಕ್ಕೆ ಇಳಿಸಿ. ಕೊನೆಯ ಎಸೆತಗಳು ಹತ್ತಿರ ಹತ್ತಿರ, ನಿಧಾನವಾಗಿ. ಚೆಂಡು ಕಿತ್ತುಕೊಳ್ಳಬೇಡಿ, ತಿನ್ನಲು ಏನಾದರೂ ಕೊಟ್ಟು ಬದಲಿಗೆ ತಗೊಳ್ಳಿ. "ಮುಗೀತು" ಅಂತ ಒಂದೇ ಮಾತು. ಆಮೇಲೆ ಒಂದು ಹಿಡಿ ಡಾಗ್ ಫುಡ್ ಹುಲ್ಲಿನಲ್ಲಿ ಎರಚಿ, ಮೂಸಿ ಹುಡುಕಲಿ. ತಲೆ ತಗ್ಗಿಸಿ ಮೂಸುತ್ತಾ ಇದ್ದರೆ ಆವೇಶ ತಾನಾಗಿ ಇಳಿಯುತ್ತದೆ. ಒಳಗೆ ಬಂದ ಮೇಲೆ ಚಾಪೆ, ಅಗಿಯಲು ಏನಾದರೂ. ತಾನಾಗಿ ಮಲಗಿದಾಗ ಸದ್ದಿಲ್ಲದೆ ಒಂದು ಕಾಳು ಪಂಜಗಳ ನಡುವೆ ಇಡಿ. ಹೊಗಳಬೇಡಿ, ಎದ್ದುಬಿಡುತ್ತಾನೆ.

ಗೇಟ್_ಹಾಕಿ: ಇಷ್ಟೆಲ್ಲ ಯಾಕೆ, ಕ್ರೇಟ್ (ನಾಯಿ ಮಲಗುವ ಪಂಜರ) ಒಳಗೆ ಹಾಕಿದರೆ ಆಯಿತು.

ಮೂರು_ಬಾಲ: ಅಭ್ಯಾಸವಿಲ್ಲದ ಮರಿಯನ್ನು ಆವೇಶದಲ್ಲಿ ತಂದು ಕೂಡಿಹಾಕಿದರೆ ಕ್ರೇಟ್ ಕಂಡರೆ ಭಯ ಶುರುವಾಗುತ್ತದೆ.

ಗೇಟ್_ಹಾಕಿ: ನಮ್ಮದು ತಾನಾಗೇ ಹೋಗಿ ಮಲಗುತ್ತದೆ. ಹೊದಿಕೆಯೂ ಇದೆ, ಒಳಗೆ ಎರಡು ಹಾಸಿಗೆ.

ಮೂರು_ಬಾಲ: ನೀವು ವಾರಗಟ್ಟಲೆ ಕಲಿಸಿದ್ದೀರಿ, ಅಲ್ವಾ? ಅದನ್ನು ಹೇಳಿ ಮತ್ತೆ.

ಬೆಳಗಿನ_ವಾಕ್: ಫ್ಲರ್ಟ್ ಪೋಲ್ ಒಮ್ಮೆ ಪ್ರಯತ್ನಿಸಿ, ಅಳತೆ ಬೇಕಾದರೆ ಕೊಡುತ್ತೇನೆ.

ಚೆಂಡು_ಎಲ್ಲಿ: ಒಂಬತ್ತು ದಿನ ಆಯಿತು. ಮಧ್ಯಾಹ್ನ ಕೋಣೆಗೆ ಗೇಟ್ ಹಾಕಿದರೆ ಎರಡು ಗಂಟೆ ಮಲಗುತ್ತಾನೆ. ಸಂಜೆ ಮೂಸಿ ಮೂಸಿ ಬಂದು ಚಾಪೆ ಮೇಲೆ ಬೀಳುತ್ತಾನೆ, ನನಗೆ ನಂಬಲಾಗಲಿಲ್ಲ. ಆದರೆ ಮಗಳು ಎಸೆದ ದಿನ ಮತ್ತೆ ಅದೇ ಗಲಾಟೆ. ಅವಳ ಬಾಯಿಂದ "ಮುಗೀತು" ಅಂದರೆ ಕೇಳುವುದಿಲ್ಲ. ಅವಳಿಗೆ ಎಂಟು ವರ್ಷ. ಇದಕ್ಕೇನು ಮಾಡಲಿ?